ಬಟವಾಡಿ ಮನೆಯ ಸೂರ್ಯನ ಕುದುರೆ

ಬಟವಾಡಿಯಲ್ಲಿ ನಾವು ಬಾಡಿಗೆಗಿದ್ದ ಮಹಡಿ ಮನೆಯ ಓನರ್ ಆಂಟಿಗೆ ನಾಯಿ ಆಗದು, ಬೆಕ್ಕು ಆಗದು, ಗಿಳಿಯೂ ಆಗದು. ಮನೆ ತೋರಿಸಿದ ದಿನವೇ ಹೇಳಿದ್ದರು. ಆಗ ಅದು ನಮಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಮಗುವಿಗಾಗಿ ಡಾಕ್ಟರುಗಳ ಹಿಂದೆ ಅಲೆಯುತ್ತಿದ್ದ ಕಾಲ ಅದು. ಕೊನೆಗೆ ಇನ್ನು ಸಾಕು ಎಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡು ಆ ಅಲೆದಾಟ ನಿಲ್ಲಿಸಿದೆವು. ಅಲ್ಲಿಂದ ಸಂಜೆಗಳು ಉದ್ದವಾದವು. ನನ್ನ ಗಂಡನ ಆಫೀಸು ಗುಬ್ಬಿಯಲ್ಲಿ, ಅವರು ಬರುವುದು ತಡ. ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬು ಬೇಗ ಮುಗಿಯುತ್ತಿತ್ತು. ಮನೆಯಲ್ಲಿ ಸದ್ದಿಲ್ಲದೆ ಉಸಿರಾಡುವ ಇನ್ನೊಂದು ಜೀವ ಇದ್ದರೆ ಸಾಕೆನ್ನಿಸುತ್ತಿತ್ತು.

ಮೀನು, ಲವ್‌ಬರ್ಡ್ಸ್ ಮಾರುವ ಒಂದು ಅಂಗಡಿಯಲ್ಲಿ ಅದನ್ನು ನೋಡಿದೆ. ಬಲೆ ಮುಚ್ಚಿದ ಡಬ್ಬಿಯೊಳಗೆ ಎಲೆಹಸಿರಿನ ಹುಳ, ಮುಂಗಾಲು ಮಡಚಿಕೊಂಡು ಕೂತಿತ್ತು. ನಾನು ಪಕ್ಕಕ್ಕೆ ಸರಿದರೆ ಕತ್ತು ತಿರುಗಿಸಿ ನನ್ನನ್ನೇ ನೋಡಿತು.

"ಫಾರಿನ್ ಮ್ಯಾಂಟಿಸ್ ಮೇಡಂ. ಡಬ್ಬೀಲೇ ಹುಟ್ಟಿ ಡಬ್ಬೀಲೇ ಬೆಳ್ದಿರೋದು," ಎಂದ ಅಂಗಡಿಯವನು. "ಸದ್ದು ಮಾಡಲ್ಲ, ವಾಸನೆ ಇಲ್ಲ. ನೊಣ, ಸಣ್ಣ ಜಿರಳೆ ಹಾಕಿದ್ರೆ ಆಯ್ತು."

ಅದನ್ನು ಮನೆಗೆ ತಂದೆ. ಆದರೆ ನಮ್ಮ ಕೆಲಸವೇ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಫೋನಿನಲ್ಲಿ ಫಾರಿನ್ ಮ್ಯಾಂಟಿಸ್‌ಗಳ ಚಿತ್ರ ತೆಗೆದು ಹೋಲಿಸಿದೆ. ಅವು ಹೂವಿನಂತೆ ಬಿಳಿ, ಗುಲಾಬಿ. ಇದರ ಬಣ್ಣ ಬೇರೆ. ಲೆನ್ಸ್ ಹಿಡಿದು ನೋಡಿದರೆ ಎರಡೂ ರೆಕ್ಕೆಯ ಮೇಲೆ ಒಂದೊಂದು ಬಿಳಿ ಚುಕ್ಕೆ. ರೆಕ್ಕೆ ಪೂರ್ತಿ ಬಂದಿದೆ, ಅಂದರೆ ಬೆಳೆದದ್ದು. ಹೊಟ್ಟೆಯ ಕೆಳಗಿನ ಪಟ್ಟಿಗಳು ಗಂಡಿಗೆ ಎಂಟು ಕಾಣುತ್ತವಂತೆ, ಇದಕ್ಕೆ ಆರೇ. ಹೆಣ್ಣು. ಆ ಭಾನುವಾರ ಗುಬ್ಬಿಯ ನಮ್ಮಮ್ಮನ ಮನೆಗೆ ಹೋದಾಗ ಹಿತ್ತಲ ಬೇಲಿಯಲ್ಲಿ ಥೇಟ್ ಇಂಥದ್ದೇ ಒಂದು ಕೂತಿತ್ತು. ಚಿಕ್ಕಂದಿನಲ್ಲಿ ನಾವು ಸೂರ್ಯನ ಕುದುರೆ ಅಂತ ಕರೆಯುತ್ತಿದ್ದುದು ಇದನ್ನೇ.

ಅಂಗಡಿಗೆ ಹೋಗಿ ಕೇಳಿದರೆ ಅವನಿಗೆ ನಾಚಿಕೆಯೂ ಆಗಲಿಲ್ಲ. "ಕುಣಿಗಲ್ ಕಡೆಯಿಂದ ಒಬ್ಬ ಹೊಲದಲ್ಲಿ ಹಿಡ್ಕೊಂಡ್ ಬರ್ತಾನೆ ಮೇಡಂ. ಫಾರಿನ್ ಅಂದ್ರೇನೆ ಜನ ತಗೊಳ್ಳೋದು."

ಸಿಟ್ಟು ಬಂತು. ವಾಪಸ್ ಮಾತ್ರ ಕೊಡಲಿಲ್ಲ. ಅಷ್ಟರಲ್ಲಿ ಅದು ನನ್ನ ಚಿಮಟದಿಂದ ನೊಣ ತೆಗೆದುಕೊಂಡು ತಿನ್ನುವುದನ್ನು ಕಲಿತಿತ್ತು.

ಕೆಲವು ದಿನಗಳಲ್ಲಿ ಅದು ಡಬ್ಬಿಯೊಳಗಿನ ಕಡ್ಡಿಗೆ ನೊರೆಯಂಥದ್ದನ್ನು ಮೆತ್ತಿತು. ಒಣಗಿದ ಮೇಲೆ ಕಂದು ಬಣ್ಣದ ಗಟ್ಟಿ ಗೂಡು. ಒಳಗೆ ಮೊಟ್ಟೆ. ಡಬ್ಬಿಯಲ್ಲೇ ಬೆಳೆದು ಗಂಡನ್ನು ಕಾಣದ ಹೆಣ್ಣೂ ಹೀಗೆ ಇಡುತ್ತದೆ, ಆದರೆ ಆ ಮೊಟ್ಟೆ ಒಡೆಯುವುದಿಲ್ಲ ಎಂದು ಓದಿದ್ದೆ. ನನ್ನದು ಹೊಲದಲ್ಲಿ ಬೆಳೆದದ್ದು, ಅಲ್ಲಿ ಗಂಡಿನ ಜೊತೆ ಕೂಡಿರಬಹುದು. ಅಂಗಡಿಯವನ ಸುಳ್ಳು ಮೊದಲ ಬಾರಿಗೆ ಸಂತೋಷ ಕೊಟ್ಟಿತು. ಆ ಕಡ್ಡಿಯನ್ನು ಬಾಲ್ಕನಿಯ ತುಳಸಿ ಕುಂಡದಲ್ಲಿ ಚುಚ್ಚಿಟ್ಟೆ.

ನಲ್ಲಿ ರಿಪೇರಿಯವನು ಬಂದಿದ್ದ ಒಂದು ದಿನ ಓನರ್ ಆಂಟಿ ತಮ್ಮಲ್ಲಿದ್ದ ಬೀಗದ ಕೈಯಿಂದ ನಮ್ಮ ಮನೆ ತೆಗೆದಿದ್ದರು. ನಾನು ಬಂದಾಗ ಡಬ್ಬಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಅದು, ಬೆಂದು, ಬಣ್ಣಗೆಟ್ಟು.

"ನಾನೇ ಬಿಸಿನೀರು ಹುಯ್ದೆ ಕಣಮ್ಮ," ಎಂದರು ಆಂಟಿ, ಸೊಪ್ಪು ಬಿಡಿಸುತ್ತಲೇ. "ಮಕ್ಕಳಿಲ್ಲ ಅಂತ ಹುಳ ಸಾಕ್ಕೊಂಡ್ರೆ ಆಗುತ್ತಾ? ಅದೆಲ್ಲ ಅಪಶಕುನ."

ನಾನು ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ವಿಷಯ ಕೇಳಿ ನನ್ನ ಗಂಡ, "ಬಿಡೇ, ಬೇರೆ ಮನೆ ನೋಡೋಣ," ಎಂದರು. ನೋಡೋಣ ಎಂದೆ. ಆದರೆ ಈಗಲೇ ಬೇಡ ಎಂದೆ.

ನವರಾತ್ರಿ ಬಂತು. ಆಂಟಿ ಗೊಂಬೆ ಕೂರಿಸಿ ಅರಿಶಿನ ಕುಂಕುಮಕ್ಕೆ ಕರೆದರು. ಅವರ ಹಾಲಿನ ಗೋಡೆಯುದ್ದಕ್ಕೂ ತೇಗದ ಶೋಕೇಸು, ಅವರ ಹೆಮ್ಮೆ. ಅದರ ಮೇಲೆ ಇಳಿಬಿಟ್ಟ ಪ್ಲಾಸ್ಟಿಕ್ ಹೂಬಳ್ಳಿ. ಆಂಟಿ ತಾಂಬೂಲ ತರಲು ಒಳಗೆ ಹೋದಾಗ ತುಳಸಿ ಕುಂಡದಿಂದ ಕಿತ್ತು ಸೆರಗಿನಲ್ಲಿ ಮುಚ್ಚಿ ತಂದಿದ್ದ ಗೂಡಿನ ಕಡ್ಡಿಯನ್ನು ಆ ಬಳ್ಳಿಯೊಳಗೆ ಸಿಕ್ಕಿಸಿದೆ. ಬ್ಲೌಸ್ ಪೀಸು, ತೆಂಗಿನಕಾಯಿ ಇಸಕೊಂಡು, ಹುಸಿ ನಗು ನಕ್ಕು ಬಂದೆ.

ದೀಪಾವಳಿ ಕಳೆಯಿತು. ಏನೂ ಆಗಲಿಲ್ಲ. ಮೊಟ್ಟೆ ಸತ್ತಿರಬೇಕು, ಅಂಗಡಿಯವನು ಮೊದಲು ಹೇಳಿದಂತೆ ಅದು ಡಬ್ಬಿಯಲ್ಲೇ ಬೆಳೆದದ್ದಿರಬೇಕು ಎಂದುಕೊಳ್ಳುವ ಹೊತ್ತಿಗೆ ಒಂದು ಬೆಳಿಗ್ಗೆ ಆಂಟಿ ಏದುಸಿರು ಬಿಡುತ್ತಾ ಮೇಲೆ ಬಂದರು. "ಸ್ವಲ್ಪ ಕೆಳಗ್ ಬಾರಮ್ಮ. ಲ್ಯಾಬಲ್ಲಿ ಕೆಲಸ ಮಾಡ್ತೀಯಲ್ಲ, ಇವು ಏನ್ ಹುಳ ನೋಡು."

ಶೋಕೇಸಿನ ಗಾಜು, ಪರದೆ, ಸೋಫಾ, ದೇವರ ಫೋಟೋ, ಎಲ್ಲೆಲ್ಲೂ ಇರುವೆಗಿಂತ ಚೂರು ದೊಡ್ಡ ಮರಿಗಳು. ಬಗ್ಗಿ ನೋಡಿದೆ. ಪುಟ್ಟ ಮುಂಗಾಲು ಮಡಚಿಕೊಂಡು ಒಂದು ಕತ್ತು ತಿರುಗಿಸಿತು. ಎದೆ ತುಂಬಿ ಬಂತು. ಮುಖ ಗಂಭೀರ ಮಾಡಿಕೊಂಡೆ.

"ಗೆದ್ದಲ ಜಾತಿ ಇದ್ದಂಗಿದೆ ಆಂಟಿ. ಮರದೊಳಗಿಂದ ಬಂದಿರ್ಬೇಕು. ಶೋಕೇಸ್ ಕೀಳಿಸಿ ನೋಡೋದು ಒಳ್ಳೇದು."

ಕೀಳಿಸಿದರು. ಬಡಗಿಯ ಕೈಯಲ್ಲಿ ಗಾಜು ಒಡೆಯಿತು, ತೇಗದ ಹಲಗೆ ಸೀಳಿತು, ಗೋಡೆಯ ಗಾರೆ ಉದುರಿತು. ಗೆದ್ದಲು ಸಿಗಲಿಲ್ಲ. ನಾನು ಮೇಲೆ ಬಾಲ್ಕನಿಯಲ್ಲಿ ಕೂತು ಒಂದೊಂದು ಸುತ್ತಿಗೆಯ ಏಟನ್ನೂ ಕೇಳಿದೆ. ಅವರು ಔಷಧಿ ಹೊಡೆಸಿದಾಗ ಮಾತ್ರ ಕೂತಿರಲಾಗದೆ ಕೆಳಗಿಳಿದೆ. ಕಿಟಕಿಯಿಂದ ಹೊರಬಿದ್ದ ಕೆಲವನ್ನು ಸೀಬೆ ಗಿಡದ ಮೇಲೆ ಕಂಡೆ. ಉಳಿದವು ಕಸದ ಜೊತೆ ಹೋದವು.

ಆಮೇಲೆ ಸದಾಶಿವನಗರಕ್ಕೆ ಮನೆ ಬದಲಾಯಿಸಿದೆವು. ಸಾಮಾನು ಇಳಿಸುವಾಗ ನನ್ನ ಗಂಡ ಮೆಲ್ಲಗೆ ಕೇಳಿದರು, "ನೀನೇ ತಾನೆ?"

"ಹ್ಞೂಂ."

"ಪಾಪ ಅನ್ನಿಸಲ್ವಾ?"

"ಇಲ್ಲ."

ಕಳೆದ ವರ್ಷ ಯಡಿಯೂರಿಗೆ ಹೋಗಿದ್ದಾಗ ದಾಸೋಹದ ಸಾಲಿನಲ್ಲಿ ಆಂಟಿ ಸಿಕ್ಕರು. ನನ್ನ ಕೈ ಹಿಡಿದುಕೊಂಡು, ಹೊಟ್ಟೆಯ ಕಡೆ ಒಮ್ಮೆ ನೋಡಿ, "ಚೆನ್ನಾಗಿದ್ದೀಯೇನಮ್ಮ? ಏನಾದ್ರೂ ವಿಶೇಷ?" ಎಂದರು.

"ಏನೂ ಇಲ್ಲ ಆಂಟಿ," ಎಂದು ಕೈ ಬಿಡಿಸಿಕೊಂಡೆ. ಆವತ್ತು ಶೋಕೇಸು ಒಂದನ್ನೇ ಕೀಳಿಸಿದ್ದು ಸಾಲಲಿಲ್ಲ ಎಂದುಕೊಳ್ಳುತ್ತಾ ಎಲೆಯ ಮುಂದೆ ಕೂತೆ.