ಕುರಿಯ ವಾಸನೆಯ ಕೆಂಪು ವೈನ್

ಅಕ್ಕಲಕೋಟೆಯಲ್ಲಿ ಸೋಲಾಪುರದ ಬಸ್ಸು ಇಳಿದು, ಕುರನೂರ ಅಣೆಕಟ್ಟಿನ ಕಡೆ ಹೋಗುವ ಜೀಪಿನಲ್ಲಿ ಕೂತರೆ ನಮ್ಮ ಬಾಗದ ಮುಂದೆಯೇ ಇಳಿಸುತ್ತಾರೆ. ದ್ರಾಕ್ಷಿ ತೋಟಕ್ಕೆ ನಮ್ಮಲ್ಲಿ ಬಾಗ ಎನ್ನುತ್ತಾರೆ. ನಮ್ಮದು ಹಿನ್ನೀರಿನ ದಂಡೆಗೆ ಹತ್ತಿಕೊಂಡಿದೆ. ನಡುವೆ ತಗಡು ಹೊದಿಸಿದ ಕಲ್ಲಿನ ಶೆಡ್ಡು, ಅದೇ ವೈನರಿ. ಅದರ ಬೆನ್ನಿಗೆ ಮನೆ, ಮನೆಯ ಮಗ್ಗುಲಿಗೆ ಕುರಿಹಟ್ಟಿ ಇತ್ತು. ಮೂರರ ಬಾಗಿಲೂ ಒಂದೇ ಅಂಗಳಕ್ಕೆ ತೆರೆಯುತ್ತಿದ್ದವು. ಅಣ್ಣ ಮತ್ತು ಅತ್ತಿಗೆ ಇಬ್ಬರೇ ಎಲ್ಲ ನೋಡಿಕೊಳ್ಳುತ್ತಾರೆ. ಕೊಯ್ಲಿಗೆ ಮಾತ್ರ ಚಪಳಗಾಂವದಿಂದ ಆಳುಗಳು ಬರುತ್ತಾರೆ. ನಾನು ಸೋಲಾಪುರದ ಒಂದು ಮರಾಠಿ ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿದ್ದೇನೆ. ಒಂದು ಕೋಣೆ ಹಿಡಿದು ಒಬ್ಬನೇ ಇರುತ್ತೇನೆ. ರಜೆ ಸಿಕ್ಕಾಗ ಊರಿಗೆ ಹೋಗಿಬರುತ್ತೇನೆ.

ನಮ್ಮದು ಕುರಿ ಸಾಕಿದ ಮನೆತನ, ಕುರುಬರ ದೇವರು ಬೀರೋಬಾನ ಒಕ್ಕಲು. ನೀರಾವರಿ ಬಂದ ಮೇಲೆ ಅಪ್ಪ ದ್ರಾಕ್ಷಿ ಹಚ್ಚಿದರು. ವೈನ್ ಮಾಡುವ ಹಟ ಹಿಡಿದದ್ದು ಅಣ್ಣ. ಅಪ್ಪ ಬೇಡ ಎನ್ನಲಿಲ್ಲ, ಒಂದು ಮಾತು ತೆಗೆದುಕೊಂಡರು: ಮನೆಯವರ ಗಂಟಲಿಗೆ ಒಂದು ಗುಟುಕೂ ಇಳಿಯಬಾರದು. ಅಪ್ಪ ಹೋದ ಮೇಲೂ ಅದು ನಡೆದುಕೊಂಡು ಬಂದಿದೆ. ಅಣ್ಣ ಬಾಯಿಗೆ ಹಾಕಿಕೊಂಡು, ಆಡಿಸಿ, ಬೇವಿನ ಬುಡಕ್ಕೆ ಹೋಗಿ ಉಗುಳುತ್ತಾನೆ. ಅತ್ತಿಗೆ ನಾಲಿಗೆಗೂ ಮುಟ್ಟಿಸುವುದಿಲ್ಲ, ಮೂಸಿ ನೋಡಿ ಹೇಳುತ್ತಾರೆ. ಅವರ ಮೂಗು ಒಪ್ಪಿದ ಮೇಲೆಯೇ ಟಾಕಿಯ ನಳ ತಿರುಗಿಸುವುದು. ಕುಡಿಯದವರ ವೈನರಿಯಲ್ಲಿ ತೀರ್ಮಾನವೆಲ್ಲ ಮೂಗಿನದಾಗಿತ್ತು.

ಬಿಳಿ ವೈನು ದಂಡೆಯ ಕಪ್ಪು ಮಣ್ಣಿನದು. ಪೇರಲಕಾಯಿ, ತಿಕ್ಕಿದ ನಿಂಬೆ ಎಲೆ, ಉಗುಳಿದ ಮೇಲೆ ನಾಲಿಗೆಯ ಅಂಚಿನಲ್ಲಿ ಸ್ವಲ್ಪ ಉಪ್ಪು. ವರ್ಷದೊಳಗೆ ಕುಡಿದು ಮುಗಿಸಬೇಕಾದ ಹಗುರ ಸರಕು, ಯಾರಿಗಾದರೂ ಹಿಡಿಸುತ್ತದೆ. ಕೆಂಪು ವೈನು ಮೇಲಿನ ಮುರುಮಿನ, ಗರಸು ಮಣ್ಣಿನ ದಿಬ್ಬದ್ದು. ಅಲ್ಲಿ ಗೊನೆ ಸಣ್ಣ, ಸಿಪ್ಪೆ ದಪ್ಪ. ಹೊಸದಿದ್ದಾಗ ಬಾಯಿ ಒಗರು ಹಿಡಿಯುತ್ತದೆ, ಇಟ್ಟಷ್ಟೂ ಮೆತ್ತಗಾಗುತ್ತದೆ. ಆ ಕೆಂಪು ಪ್ರತಿವರ್ಷ ಟ್ಯಾಂಕರಿನಲ್ಲಿ ದೊಡ್ಡ ಕಂಪನಿಗೆ ಹೋಗಿ, ಇನ್ಯಾರದೋ ಕೆಂಪಿನ ಜೊತೆ ಬೆರೆತು, ಇನ್ಯಾರದೋ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಒಮ್ಮೆಯಾದರೂ ಅದು ನಮ್ಮ ಮನೆಯ ಚೀಟಿ ಅಂಟಿಸಿಕೊಂಡು ಹೋಗಬೇಕು ಎಂಬುದು ಅಣ್ಣನ ಆಸೆ. ಅದಕ್ಕಾಗಿ ಬೇರೆಯವರು ಬಳಸಿ ಬಿಟ್ಟ ಹಳೆಯ ಓಕ್ ಪೀಪಾಯಿಗಳನ್ನು ತರಿಸಿದ. ತುಂಬುವ ಮೊದಲು ಪ್ರತಿ ಪೀಪಾಯಿಗೂ ದೇವರ ಭಂಡಾರದ ಅರಿಶಿನ ಹಚ್ಚಿದ. ನಮ್ಮ ಬೇಸಿಗೆಯಲ್ಲಿ ಶೆಡ್ಡು ಒಲೆಯಂತಾಗುತ್ತದೆ. ಅದಕ್ಕೆ ಅಪ್ಪನ ಕಾಲದ ಕಂಬಳಿಗಳನ್ನು ನೀರಿನಲ್ಲಿ ಅದ್ದಿ ಪೀಪಾಯಿಗಳಿಗೆ ಹೊದಿಸಿದ. ಹೀಗೆ ಎರಡು ಬೇಸಿಗೆ ದಾಟಿಸಿದ.

ಸೋಲಾಪುರದ ವ್ಯಾಪಾರಿ ಮನೆತನದ ಒಬ್ಬರು ದೊಡ್ಡ ಹೋಟೆಲು ನಡೆಸುತ್ತಾರೆ. ಮೊದಲಿನಿಂದ ನಮ್ಮ ಬಿಳಿ ವೈನು ಒಯ್ಯುವವರು. ಪೀಪಾಯಿಯ ಕೆಂಪು ಮನಸ್ಸಿಗೆ ಬಂದರೆ ನಮ್ಮ ಹೆಸರಿನಲ್ಲೇ ಹೋಟೆಲಿನಲ್ಲಿ ಇಡುತ್ತೇನೆ ಎಂದಿದ್ದರು. ಅವರು ಬರುವುದಕ್ಕೆ ಮೊದಲಿನ ವಾರ ಅಣ್ಣ ನನ್ನನ್ನು ಕರೆಸಿದ. ಸ್ಟೀಲಿನ ಲೋಟದಲ್ಲಿ ಸ್ವಲ್ಪ ಹಾಕಿ ಕೈಗೆ ಕೊಟ್ಟ.

"ನೀ ಪೇಪರದಾಂವ. ಇದ್ದದ್ದು ಇದ್ದಂಗ ಹೇಳು" ಎಂದ.

ಮೂಗಿನ ಹತ್ತಿರ ಒಯ್ದೆ. ಮೊದಲ ಮಳೆಗೆ ತೊಯ್ದು ನಿಂತ ಕುರಿ, ಒಣಗದ ಕಂಬಳಿ. ಲೋಟ ಕೆಳಗಿಟ್ಟು ಹೊರಗೆ ಹೋಗಿ ಗಾಳಿ ತೆಗೆದುಕೊಂಡು ಬಂದು ಮತ್ತೆ ಮೂಸಿದೆ. ಅದೇ. ಅದರ ಹಿಂದೆ ಎಲ್ಲೋ ಹಣ್ಣು ಇತ್ತು, ಆದರೆ ಮುಂದೆ ಬರುತ್ತಿರಲಿಲ್ಲ.

"ಕುರಿ ವಾಸನಿ ಬರಾಕತ್ತದ, ಅಣ್ಣಾ."

ಅವನು ಲೋಟ ತೆಗೆದುಕೊಂಡು ಬಹಳ ಹೊತ್ತು ಮೂಸಿದ. ಅತ್ತಿಗೆಗೆ ಕೊಟ್ಟ. ಅವರೂ ಮೂಸಿದರು. ಕುರಿಯದೇನೂ ಇಲ್ಲ, ಛಲೋ ವೈನಿನ ವಾಸನೆ ಇದೆ ಎಂದರು. ಇಬ್ಬರೂ ನಟಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮೂಗಿನಲ್ಲಿರುವ ವಾಸನೆ ವಾಸನೆಯೇ ಅಲ್ಲ, ಬರೀ ಗಾಳಿ. ಅದು ಪೀಪಾಯಿಯೊಳಗೆ ಯಾವಾಗ ಬಂತು, ಎಷ್ಟು ಬೆಳೆಯಿತು ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡು ವರ್ಷವೂ ಅವರು ಮೂಸಿ, ಒಪ್ಪಿ, ಮುಚ್ಚಿಟ್ಟಿದ್ದರು.

ಅತ್ತಿಗೆ ಸಿಟ್ಟಾಗಲಿಲ್ಲ. ಲೋಟ ತೊಳೆಯುತ್ತ ಹೇಳಿದರು: "ನಮಗ ಬರವಲ್ದು, ಭಾವಜಿ. ನಿಮಗ ಬರ್ತದ ಅಂದ್ರ, ನಿಮ್ಮ ಮೂಗು ಈಗ ಈ ಮನಿದಲ್ಲ."

ಮರುದಿನ ಕೋಣೆಗೆ ಬಂದು ಚೀಲ ಬಿಚ್ಚಿದಾಗ ಅಂಗಿಯಲ್ಲೂ ಅದೇ ವಾಸನೆ ಇತ್ತು. ಪತ್ರಿಕೆಯಲ್ಲಿ ನನ್ನ ಪಕ್ಕದ ಮೇಜಿನವರು, ನಾನು ರಜೆ ಮುಗಿಸಿ ಬಂದಾಗಲೆಲ್ಲ ತಲೆ ಎತ್ತುವ ಮೊದಲೇ, ಊರಿಗೆ ಹೋಗಿದ್ದಿರಾ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಅದು ಅವರಿಗೆ ಹೇಗೆ ತಿಳಿಯುತ್ತದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ.

ಹೋಟೆಲಿನವರು ಬಂದ ದಿನ ನಾನಿರಲಿಲ್ಲ. ಅತ್ತಿಗೆ ಆಮೇಲೆ ಹೇಳಿದರು. ಅವರು ತಾವೇ ತಂದ ಗಾಜಿನ ಲೋಟದಲ್ಲಿ ಹಾಕಿಸಿಕೊಂಡು, ತಿರುಗಿಸಿ, ಮೂಸಿ, ನಕ್ಕರಂತೆ. "ಮಾಲಕ, ಇದರ ಜೋಡಿ ಮಟನ್ ಬ್ಯಾರೆ ಯಾಕ್ರಿ? ಒಳಗ ಬಂದೇ ಬಿಟ್ಟದಲ್ಲ" ಎಂದರಂತೆ. ಅಣ್ಣನೂ ಅವರ ಜೊತೆ ನಕ್ಕನಂತೆ. ಅವರು ಬಿಳಿಯದನ್ನು ಒಯ್ದರು, ಕೆಂಪನ್ನು ಬಿಟ್ಟರು.

ಆ ವಾರವೇ ಅಣ್ಣ ಕುರಿಗಳನ್ನು ನಂದೇಶ್ವರಕ್ಕೆ, ಸೋದರಮಾವನ ಹಿಂಡಿಗೆ ಕಳಿಸಿಬಿಟ್ಟ. ಹಟ್ಟಿ ಕಿತ್ತು ನೆಲ ಕೆತ್ತಿಸಿದ. ಕಂಬಳಿಗಳನ್ನು ಬೋರಿ ಹೊಳೆಯ ನೀರಿನಲ್ಲಿ ಒಗೆದು ಅಟ್ಟಕ್ಕೆ ಹಾಕಿದ. ಕೆಂಪು ವೈನು ಎಂದಿನಂತೆ ಟ್ಯಾಂಕರು ಹತ್ತಿತು, ಈ ಸಲ ವೈನಾಗಿ ಅಲ್ಲ, ಭಟ್ಟಿ ಇಳಿಸಲು. ಬೀರೋಬಾನ ಒಕ್ಕಲಾದ ನಮ್ಮ ಮನೆಯಲ್ಲಿ ಕುರಿ ಇಲ್ಲದ ಅಂಗಳ ಅದೇ ಮೊದಲು. ನಾನು ಹೋದಾಗ ಅಗಸಿ ತೆರೆದರೆ ಒಂದೂ ಕೂಗಲಿಲ್ಲ.

ಮಳೆಗಾಲ ಮುಗಿಯುವಾಗ ಟಾಕಿಗಳ ಪಂಪು ನೋಡಲು ನಾಸಿಕದ ಕಡೆಯ ಒಬ್ಬ ಕೆಲಸಗಾರ ಬಂದ. ಖಾಲಿ ಪೀಪಾಯಿಯ ಬಾಯಿಗೆ ಮೂಗಿಟ್ಟು, ಇದು ಕಟ್ಟಿಗೆಯ ದೋಷ ಎಂದನಂತೆ. ಹಳೆಯ ಪೀಪಾಯಿಯ ಸಂದಿಯಲ್ಲಿ ಒಂದು ಜಾತಿಯ ಹುದುಗು ಸೇರಿಕೊಂಡರೆ ವೈನು ಹೀಗೆ ನಾರುತ್ತದೆ, ಕುರಿ ಕಂಡೇ ಇರದ ಕಡೆಯೂ ನಾರುತ್ತದೆ, ತರಿಸಿದಾಗಲೇ ಅದು ಒಳಗಿತ್ತು. ಇದನ್ನು ಅಣ್ಣ ಫೋನಿನಲ್ಲಿ ಸಾವಕಾಶ ಹೇಳಿದ, ಯಾರದೋ ಮನೆಯ ಸುದ್ದಿ ಹೇಳುವಂತೆ. ಕುರಿಗಳ ತಪ್ಪಿಲ್ಲವಲ್ಲ, ತಿರುಗಿ ತರೋಣವೇ ಎಂದು ಕೇಳಿದೆ.

"ಅಲ್ಲಿ ಹಿಂಡಿನಾಗ ಕಲೆತು ಹೋಗ್ಯಾವ. ಮರಿ ಹಾಕ್ಯಾವ. ಇರ್ಲಿ ಬಿಡು" ಎಂದ.

ಈ ವರ್ಷದ ಕೆಂಪು ವೈನು ಪೀಪಾಯಿಯ ಮುಖ ನೋಡಿಲ್ಲ, ಪೂರ್ತಿ ಸ್ಟೀಲಿನ ಟಾಕಿಯಲ್ಲಿ ಆದದ್ದು. ಹೋಟೆಲಿನವರು ಮತ್ತೆ ಬರುತ್ತೇನೆ ಎಂದಿದ್ದರು. ಅಣ್ಣ ಮತ್ತೆ ಕರೆಸಿದ, ಅದೇ ಲೋಟ ಕೊಟ್ಟ. ನೇರಳೆ ಹಣ್ಣು, ಕರಿಮೆಣಸು, ಕೊನೆಗೆ ಸ್ವಲ್ಪ ಒಗರು. ಬೇರೇನೂ ಇಲ್ಲ. ಒಳ್ಳೆಯ ವೈನು. ಹಾಗೆಂದು ಹೇಳಿದೆ, ಈ ಸಲ ಅವರು ಒಯ್ಯುತ್ತಾರೆ ಎಂದೂ ಹೇಳಿದೆ. ಮುಂದೆ ಹಾಗೆಯೇ ಆಯಿತು. ನಮ್ಮ ಚೀಟಿ ಅಂಟಿಸಿದ ಬಾಟಲಿಗಳು ಈಗ ಸೋಲಾಪುರದ ಆ ಹೋಟೆಲಿನಲ್ಲಿವೆ.

ಅಣ್ಣ ಆವತ್ತು ಲೋಟ ಹಿಡಿದು ಬೇವಿನ ಬುಡದಲ್ಲಿ ನಿಂತಿದ್ದ. ಮೂಸಿದ, ಬಾಯಿಗೆ ಹಾಕಿಕೊಂಡು ಉಗುಳಿದ, ಮತ್ತೆ ಮೂಸಿದ.

"ನೇರಳೆಹಣ್ಣು ಬರ್ತದ. ನನಗೂ ಬರ್ತದ" ಎಂದ. "ಅದು ಎಲ್ಲಾರ ವೈನ್‌ದಾಗೂ ಇರ್ತದಲ್ಲೋ, ತಮ್ಮಾ. ಕಣ್ಣು ಕಟ್ಟಿ ಕೈಯಾಗ ಕೊಟ್ರ, ಇದು ನಮ್ಮದು ಅಂತ ನಾ ಹೆಂಗ ಹೇಳ್ಲಿ?"

ಹೋಟೆಲಿನವರು ಕೇಳಿದರೆ ಏನೆಂದು ಹೇಳಬೇಕು, ಇನ್ನೊಮ್ಮೆ ಹೇಳು ಎಂದ. ನೇರಳೆ, ಕರಿಮೆಣಸು, ಕೊನೆಗೆ ಒಗರು ಎಂದೆ. ಅವನು ಸಾಲಿ ಹುಡುಗನಂತೆ ತಿರುಗಿ ಹೇಳಿದ. ಅತ್ತಿಗೆ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಅವರನ್ನು ಅಣ್ಣ ಈ ಸಲ ಮೂಸಲು ಕರೆದಿರಲಿಲ್ಲ. ಜೀಪು ಬರುವವರೆಗೆ ಮೂವರೂ ಕಟ್ಟೆಯ ಮೇಲೆ ಕೂತೆವು. ಹಟ್ಟಿಯಿದ್ದ ಜಾಗದಲ್ಲಿ ಖಾಲಿ ಪೀಪಾಯಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು.

ಮರುದಿನ ಕೆಲಸಕ್ಕೆ ಹೋದೆ. ಪಕ್ಕದ ಮೇಜಿನವರು ಪ್ರೂಫಿನಿಂದ ತಲೆ ಎತ್ತಿ ನನ್ನನ್ನು ನೋಡಿ, ಈ ರಜೆಯಲ್ಲಿ ಎಲ್ಲಿಗೂ ಹೋಗಲಿಲ್ಲವೇ ಎಂದು ಕೇಳಿದರು.