ಅತ್ತೆಯ ಹೆಬ್ಬೆರಳು

ಆಗ ನನಗೆ ಹದಿಮೂರು. ಈಗ ಎಪ್ಪತ್ತು ದಾಟಿದೆ. ಹೋದ ವಾರ ಮೊಮ್ಮಗಳ ಬೆರಳು ಕಾರಿನ ಬಾಗಿಲಿಗೆ ಸಿಕ್ಕಿ ಉಗುರು ನೇರಳೆ ಹಣ್ಣಿನಂತಾಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೆಂಪಗೆ ಕಾದ ತಂತಿಯ ತುದಿಯನ್ನು ಉಗುರಿನ ಮೇಲೆ ಇಟ್ಟಳು. ಚುರ್ ಎಂದಿತು. ಸುಟ್ಟ ಉಗುರಿನ ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಅದಕ್ಕಿಂತ ಕಟು... ಕಪ್ಪು ರಕ್ತ ಚಿಮ್ಮಿತು. ಹುಡುಗಿ ಅಳು ನಿಲ್ಲಿಸಿ, "ನೋವು ಹೋಯ್ತು ಅಜ್ಜಿ" ಎಂದಳು. ನನಗೆ ಮಾತ್ರ ಅತ್ತೆ ಬಂದು ಪಕ್ಕದ ಬೆಂಚಿನಲ್ಲಿ ಕೂತಂತಾಯಿತು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ನಮ್ಮ ಮನೆಗೆ ಬಂದವಳು. ಅಷ್ಟರಲ್ಲಿ ನಮ್ಮಮ್ಮನೂ ತೀರಿಕೊಂಡಿದ್ದಳು. ಕಾರಮಡೈ ಹತ್ತಿರ ನಮ್ಮದು ನೇಯುವವರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪ ಅವಳನ್ನು ಇಟ್ಟುಕೊಂಡದ್ದು ಪ್ರೀತಿಗಲ್ಲ, ಅವಳ ಬಲಗೈ ಹೆಬ್ಬೆರಳಿಗೆ. ಮಗ್ಗದಲ್ಲಿ ಪಾವು, ಅಂದರೆ ಉದ್ದದ ನೂಲು, ಮುಗಿದಾಗ ಹೊಸ ಪಾವಿನ ಎಳೆಗಳನ್ನು ಹಳೆಯ ತುದಿಗಳಿಗೆ ಒಂದೊಂದಾಗಿ ಹೊಸೆದು ಸೇರಿಸಬೇಕು. ಅದನ್ನು ಕೆಚ್ಚುವುದು ಎನ್ನುತ್ತೇವೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೆಬ್ಬೆರಳಿನ ಉಗುರಿನಲ್ಲಿ ಎಳೆ ಎತ್ತಿ, ಒಂದು ತಿರುವು. ಅಷ್ಟೇ. ಹಾಗೆ ಸಾವಿರಾರು. ಅತ್ತೆ ಕೆಚ್ಚಿದ ಕಡೆ ಎಳೆ ಬಿಡುತ್ತಿರಲಿಲ್ಲ. ಪಕ್ಕದ ಮನೆಗಳವರೂ ಅವಳನ್ನೇ ಕರೆಯುತ್ತಿದ್ದರು. ಕೆಚ್ಚುವವಳು ಒಲೆ ಮುಂದೆ ಕೂರುವಂತಿಲ್ಲ, ಸಗಣಿ ಬಾಚುವಂತಿಲ್ಲ, ಕೈ ಒರಟಾಗುತ್ತದೆ. ಅದೆಲ್ಲ ನನ್ನ ಪಾಲು. ರುಬ್ಬುವಾಗ ಹಿಟ್ಟು ತಳ್ಳುವುದೊಂದನ್ನು ಅವಳು ಮಾಡುತ್ತಿದ್ದಳು. ಉದ್ದಿನ ಹಿಟ್ಟಿನಿಂದ ಬೆರಳು ಮೆತ್ತಗಾಗುತ್ತದೆ ಎಂದು.

ನಾನೂ ಕೆಚ್ಚುವುದನ್ನು ಕಲಿಯಬೇಕೆಂದು ಅವಳ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅವಳು ತಿರುಗಿ ನೋಡದೆ, "ಎಮ್ಮೆ ಕೈ ಇಟ್ಕೊಂಡು ಇಲ್ಲೇನು ಪುಳ್ಳೆ? ಕೊಟ್ಟಿಗೆ ಆ ಪಕ್ಕ" ಎನ್ನುತ್ತಿದ್ದಳು. ಪುಳ್ಳೆ ಎಂದರೆ ಹುಡುಗಿ. ನನ್ನ ಹೆಸರು ಹಿಡಿದು ಅವಳು ಕರೆದದ್ದು ನೆನಪಿಲ್ಲ.

ಉಗುರು ಜಜ್ಜಿಕೊಂಡವರೂ ಅವಳ ಹತ್ತಿರವೇ ಬರುತ್ತಿದ್ದರು. ದೀಪದ ಕುಡಿಯಲ್ಲಿ ಸೂಜಿ ಕಾಯಿಸಿ ಉಗುರಿನ ನಡುವೆ ಮುಟ್ಟಿಸುತ್ತಿದ್ದಳು. ಉಗುರಿಗೆ ಜೀವ ಇಲ್ಲ, ಕೆಳಗಿನ ಮಾಂಸಕ್ಕೆ ಇರುವುದು. ಸೂಜಿ ತಾನಾಗಿ ಇಳಿಯುತ್ತದೆ, ಒತ್ತಬಾರದು. ರಕ್ತ ಕಂಡ ತಕ್ಷಣ ತೆಗೆಯಬೇಕು. ಪೆಟ್ಟು ಬಿದ್ದ ದಿನವೇ ಮಾಡಬೇಕು. ಎರಡು ದಿನ ಬಿಟ್ಟರೆ ರಕ್ತ ಗಟ್ಟಿಯಾಗಿ ಏನೂ ಬರುವುದಿಲ್ಲ. ಅಮಾವಾಸ್ಯೆ ಹೊತ್ತಿನಲ್ಲಿ ಮಾತ್ರ ಅವಳು ಸೂಜಿ ಮುಟ್ಟುತ್ತಿರಲಿಲ್ಲ, ತಿಥಿ ಹಿಂದಿನ ಸಂಜೆಯೇ ಹಿಡಿದರೆ ಆಗಿನಿಂದಲೇ. ಅವತ್ತು ನಮ್ಮಲ್ಲಿ ಮಗ್ಗಕ್ಕೆ ರಜೆ. ಮಗ್ಗ ಇರುವ ಮನೆಯಲ್ಲಿ ಅವತ್ತು ಕಬ್ಬಿಣ ಕಾಯಿಸಬಾರದು ಎಂಬುದು ಅವಳದೇ ಶಾಸ್ತ್ರ. ಒಂದು ಅಮಾವಾಸ್ಯೆ ದಿನ ಎದುರು ಮನೆಯವಳು ಕಿರುಚುವ ಮಗುವನ್ನು ಎತ್ತಿಕೊಂಡು ಬಂದಳು. "ನಾಳೆ ಬಾಮ್ಮ" ಎಂದು ಅತ್ತೆ ಬಾಗಿಲು ಹಾಕಿದಳು.

ನನಗೂ ಒಮ್ಮೆ ಮಾಡಿದಳು. ಬೆಳಿಗ್ಗೆ ಬೀದಿಯಲ್ಲಿ ಪಾವು ಹಾಸಿ ಗಂಜಿ ಹಚ್ಚಲು ಗೂಟ ಹೊಡೆಯುತ್ತಿದ್ದರು. ಗೂಟ ಹಿಡಿದವಳು ನಾನು, ಕಲ್ಲು ಎತ್ತಿದವನು ಅಪ್ಪ. ಏಟು ನನ್ನ ತೋರುಬೆರಳಿಗೆ ಬಿತ್ತು. ಅತ್ತೆ ಸೂಜಿ ಇಟ್ಟಳು, ರಕ್ತ ಬಂತು, ನೋವು ಇಳಿಯಿತು. ಅವಳು ಸೂಜಿ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಇನ್ನೊಂದು ಚೂರು ಒತ್ತಿದಳು. ನಾನು ಕೂಗಿಕೊಂಡೆ.

"ಇನ್ನು ಗೂಟ ಹಿಡಿಯೋದು ಹೆಂಗೆ ಅಂತ ಮರೆಯಲ್ಲ" ಎಂದಳು. ಅಪ್ಪ ನಕ್ಕ.

ಮರೆಯಲಿಲ್ಲ.

ಆರು ತಿಂಗಳಾಗಿರಬೇಕು. ನಾಳೆ ಅಮಾವಾಸ್ಯೆ ಎನ್ನುವ ದಿನ ಸಂಜೆ ಹಿಟ್ಟು ರುಬ್ಬುತ್ತಿದ್ದೆವು. ನಾನು ಗುಂಡು ತಿರುಗಿಸುತ್ತಿದ್ದೆ, ಅತ್ತೆ ಹಿಟ್ಟು ತಳ್ಳುತ್ತಿದ್ದಳು. ಬೇಕೆಂದು ಮಾಡಿದೆಯಾ ಎಂದರೆ, ಇಲ್ಲ. ಗುಂಡು ಸುತ್ತಿ ಬಂತು, ಅವಳ ಕೈ ಇನ್ನೂ ಅಲ್ಲಿತ್ತು. ಬಲಗೈ ಹೆಬ್ಬೆರಳಿನ ಉಗುರಿನ ಬುಡಕ್ಕೇ ಬಿತ್ತು. ಅವಳು ಕೂಗಲಿಲ್ಲ. ಬಿಳಿ ಹಿಟ್ಟಿನಲ್ಲಿ ಕೈ ಹಾಗೇ ಇಟ್ಟುಕೊಂಡು ಕೂತಳು. ದೀಪ ಹಚ್ಚುವ ಹೊತ್ತಿಗೆ ಉಗುರು ಪೂರ್ತಿ ಕಪ್ಪಾಯಿತು.

ಎಡಗೈಯಲ್ಲಿ ಸೂಜಿ ಹಿಡಿಯಲು ಅವಳಿಗೆ ಬರುತ್ತಿರಲಿಲ್ಲ. ಅವಳು ಮಾಡುವುದನ್ನು ದಿನವೂ ನೋಡಿದವಳು ನಾನೊಬ್ಬಳೇ. ದೀಪದ ಮುಂದೆ ಬಂದು ಸೂಜಿಯನ್ನು ನನ್ನ ಕೈಗೆ ಕೊಟ್ಟಳು.

"ಇಡು ಪುಳ್ಳೆ. ನಾಡಿದ್ದು ಹೊಸ ಪಾವು ಕೆಚ್ಚಬೇಕು."

ನಾನು ಸೂಜಿಯನ್ನು ಗೂಡಿನಲ್ಲಿ ಇಟ್ಟೆ. "ಅಮಾವಾಸ್ಯೆ ಬಂದಾಯ್ತಲ್ಲ ಅತ್ತೆ. ಕಬ್ಬಿಣ ಕಾಯಿಸಬಾರದು ಅಂತ ನೀನೇ ತಾನೆ ಹೇಳಿದ್ದು?"

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಊಟಕ್ಕೆ ಕೂತಿದ್ದ.

"ಪುಳ್ಳೆ ಹೇಳೋದು ಸರಿ ಅಕ್ಕ" ಎಂದ. "ಊರಿಗೆಲ್ಲ ಒಂದು, ನಿನಗೆ ಒಂದಾ? ಒಂದು ದಿನ ತಾನೆ."

ಅತ್ತೆ ಸೆರಗನ್ನು ಬೆರಳಿಗೆ ಸುತ್ತಿ ಗೋಡೆ ಕಡೆ ತಿರುಗಿ ಕೂತಳು. ಅಮಾವಾಸ್ಯೆ ಪೂರ್ತಿ ಹಾಗೇ ಕೂತಿದ್ದಳು. ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ನೀರು ಕೂಡ ಎಡಗೈಯಲ್ಲಿ ಕುಡಿದಳು. ನಾನು ಆಚೆ ಈಚೆ ಓಡಾಡುತ್ತಾ ನೋಡಿದೆ. ಪಾಪ ಅನ್ನಿಸಲಿಲ್ಲ. ಸುಳ್ಳು ಬರೆದು ಏನಾಗಬೇಕು?

ಅದರ ಮರುದಿನ ನಾನೇ ಸೂಜಿ ಕಾಯಿಸಿ ಇಟ್ಟೆ. ಚೆನ್ನಾಗಿಯೇ ಇಟ್ಟೆ, ಒತ್ತಲಿಲ್ಲ. ವಾಸನೆ ಬಂತು, ಹೊಗೆ ಬಂತು, ರಕ್ತ ಬರಲಿಲ್ಲ. "ಬರಲ್ಲ ಬಿಡು" ಎಂದಳು, ಬೇರೆ ಯಾರದೋ ಬೆರಳಿನ ಮಾತು ಆಡಿದ ಹಾಗೆ.

ಉಗುರು ಬಿದ್ದುಹೋಯಿತು. ಹೊಸದು ಬರಲು ತಿಂಗಳುಗಳೇ ಹಿಡಿದವು. ಬಂದದ್ದು ನಡುವೆ ಸೀಳಿಕೊಂಡು, ಗರಗಸದ ಹಾಗೆ. ಮುಟ್ಟಿದ ಎಳೆಯೆಲ್ಲ ಸಿಕ್ಕಿ ಹರಿಯುತ್ತಿತ್ತು. ಕಲ್ಲಿಗೆ ಉಜ್ಜಿದಳು, ಎಣ್ಣೆ ಹಚ್ಚಿದಳು, ಮೇಣ ಹಚ್ಚಿದಳು. ಅಪ್ಪ ಎರಡು ಪಾವು ನೋಡಿದ. ಮೂರನೆಯದಕ್ಕೆ ಮುಂಚೆ, "ಧಾರಾಪುರಂನಲ್ಲಿ ಅಣ್ಣನ ಮನೇಲಿ ಕೊಂಚ ದಿನ ಇದ್ದು ಬಾ ಅಕ್ಕ" ಎಂದ. ಆ ಮನೆಯಲ್ಲಿ ಮಗ್ಗವಿಲ್ಲ, ಎಮ್ಮೆಗಳಿದ್ದವು. ಕೊಂಚ ದಿನ ಎಂದರೆ ಎಷ್ಟು ದಿನ ಎಂದು ಅವಳು ಕೇಳಲಿಲ್ಲ.

ಹೊರಡುವಾಗ ಬಟ್ಟೆ ಗಂಟು ಹೊರಲು ನಾನು ಬಸ್ಸಿನವರೆಗೂ ಹೋದೆ. ಬಸ್ಸು ಬಂದಾಗ ಅವಳು ಮಡಿಲಿನಿಂದ ಆ ಸೂಜಿ ತೆಗೆದು ನನ್ನ ಸೆರಗಿಗೆ ಚುಚ್ಚಿದಳು.

"ಅವತ್ತು ಅಮಾವಾಸ್ಯೆ ಶುರುವಾಗಿದ್ದು ಮಾರನೇ ದಿನ ಬೆಳಿಗ್ಗೆ ಪುಳ್ಳೆ" ಎಂದಳು. "ನೀನೂ ಕೇಳಿಸ್ಕೊಂಡಿದ್ದೆ, ನಲ್ಲಿ ಹತ್ತಿರ."

ಹೌದು. ಪೂಜಾರಿಯ ಹೆಂಡತಿ ಅವತ್ತು ಬೆಳಿಗ್ಗೆ ನೀರು ಹಿಡಿಯುವಾಗ ಹೇಳಿದ್ದಳು. ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಅಪ್ಪನ ಮುಂದೆ ಆ ಒಂದು ಮಾತು ಆಡಿದ್ದರೆ ಮುಗಿದಿತ್ತು. ನನ್ನನ್ನು ಬೇಡಿಕೊಂಡ ಹಾಗಾಗುತ್ತದೆ ಎಂದು ಸುಮ್ಮನಿದ್ದಳೋ ಏನೋ...

ಆಮೇಲೆ ಅವಳನ್ನು ನಾನು ನೋಡಲಿಲ್ಲ. ನನ್ನ ಮದುವೆಗೂ ಕರೆಯಲಿಲ್ಲ. ಸತ್ತ ಸುದ್ದಿ ಬಂದಾಗ ಅಪ್ಪ ತಲೆಗೆ ನೀರು ಹಾಕಿಕೊಂಡು ಮಗ್ಗಕ್ಕೆ ಕೂತ.

ಅವತ್ತೇ ಸೂಜಿ ಇಟ್ಟಿದ್ದರೂ ಉಗುರು ಸರಿಯಾಗಿ ಬರುತ್ತಿತ್ತೋ ಇಲ್ಲವೋ. ಬುಡ ಜಜ್ಜಿದರೆ ಹೇಗೂ ಸೀಳುತ್ತದೆಯೋ ಏನೋ. ಹೋದ ವಾರ ಡಾಕ್ಟರಮ್ಮ ಎದುರಿಗೇ ಇದ್ದಳು. ಕೇಳಬಹುದಿತ್ತು. ಕೇಳಲಿಲ್ಲ. ಈಗ ಆ ಬೀದಿಯಲ್ಲಿ ಮಗ್ಗಗಳಿಲ್ಲ, ಕೆಚ್ಚಲು ಬರುವವರಲ್ಲಿ ಉಳಿದಿರುವುದು ನಾನೊಬ್ಬಳೇ. ನನ್ನ ಕೆಲಸ ಸರಿಯಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ಅವಳೊಬ್ಬಳೇ ಇದ್ದಳು. ಅವಳನ್ನು ನಾನೇ ಬಸ್ಸು ಹತ್ತಿಸಿ ಬಂದೆ.

ಅವಳು ಹೋದ ಮರುದಿನ ಬೆಳಿಗ್ಗೆ ಸಗಣಿ ಬಾಚಲಿಲ್ಲ. ಕೈ ತೊಳೆದು, ಅವಳು ಇಟ್ಟುಹೋದ ಬೂದಿಯಲ್ಲಿ ಬೆರಳು ಅದ್ದಿ, ಅವಳ ಜಾಗದಲ್ಲಿ ಕೂತು ಕೆಚ್ಚಲು ಶುರು ಮಾಡಿದೆ.