ಡಿಂಪ್ನಾ ಬೇಡವೆಂದ ದೀಪ

ನಮ್ಮ ಪಕ್ಕದ ಮನೆಯ ಡಿಂಪ್ನಾ ಹೆಶನ್, ಪಟ್ಟಣದ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಕೈ ತೊಳೆಯದೆ ಅವಳ ಮನೆಯಲ್ಲಿ ಯಾರೂ ಒಂದು ತುಂಡು ಬ್ರೆಡ್ ಮುಟ್ಟುವಂತಿರಲಿಲ್ಲ. ಕೊಟ್ಟಿಗೆಯಿಂದ ನೇರ ಅವಳ ಮನೆಗೆ ಹೋದರೆ ನನ್ನ ಬೂಟುಗಳನ್ನು ಬಾಗಿಲಲ್ಲೇ ಬಿಡಿಸುತ್ತಿದ್ದಳು. ಮೂವತ್ತು ವರ್ಷದ ನೆರೆಹೊರೆ ನಮ್ಮದು, ನಾನು ಬೇಜಾರು ಮಾಡಿಕೊಂಡವಳಲ್ಲ.

ಐರ್ಲೆಂಡಿನ ಗಾಲ್ವೇ ಕಡೆಯ ನಮ್ಮ ಈ ರಸ್ತೆಗೆ ಸರ್ಕಾರದ ನಲ್ಲಿ ನೀರು ಇವತ್ತಿಗೂ ಬಂದಿಲ್ಲ. ಇರುವ ಹದಿನಾಲ್ಕು ಮನೆಗಳಿಗೂ ಅವರವರದೇ ಕೊಳವೆಬಾವಿ. ಸುಣ್ಣಕಲ್ಲಿನ ನೆಲ, ಮೇಲೆ ಒಂದು ಗೇಣು ಮಣ್ಣು, ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ನೇರ ಕೆಳಗಿಳಿಯುತ್ತದೆ. ಡಿಂಪ್ನಾಳ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಿಳಿ ಹಾಸಿಗೆ ಬಟ್ಟೆ ಎರಡು ಸಲ ಒಗೆದರೆ ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗುತ್ತಿತ್ತು, ಸ್ನಾನದ ತೊಟ್ಟಿಯಲ್ಲಿ ಕಂದು ಗೆರೆ ಕೂರುತ್ತಿತ್ತು. ಅಷ್ಟು ಚೊಕ್ಕಟದ ಹೆಂಗಸಿಗೆ ಅದೊಂದು ಅವಮಾನ. ಕೆಲಸದಿಂದ ನಿವೃತ್ತಳಾದ ವರ್ಷ, ಇನ್ನು ಇದಕ್ಕೊಂದು ಗತಿ ಕಾಣಿಸುತ್ತೇನೆಂದು ಹೊರಟಳು.

ಅವಸರ ಮಾಡಿದವಳಲ್ಲ. ಬೇಸಿಗೆಯಲ್ಲಿ ನೀರನ್ನು ಶೀಶೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದಳು. ಕಬ್ಬಿಣ ಜಾಸ್ತಿ, ಗಡಸು ಜಾಸ್ತಿ, ರೋಗಾಣು ಇಲ್ಲ ಎಂದು ವರದಿ ಬಂತು. ನೀರು ಶುದ್ಧ ಮಾಡುವ ಯಂತ್ರ ಹಾಕಿಕೊಡುವ ಮೂರು ಕಡೆಯವರನ್ನು ಕರೆಸಿ ಮಾತಾಡಿದಳು. ಕೊನೆಗೆ ಒಪ್ಪಿದ್ದು ಟೀರ್ನನ್ ಎಂಬವನನ್ನು. ನಿಧಾನಸ್ಥ, ಹೇಳುವುದನ್ನು ಬಿಡಿಸಿ ಹೇಳುವ ಮನುಷ್ಯ. ಕಬ್ಬಿಣ ಹಿಡಿದಿಡುವ ಒಂದು ದೊಡ್ಡ ಸಿಲಿಂಡರ್, ಗಡಸು ತೆಗೆಯುವ ಉಪ್ಪಿನ ತೊಟ್ಟಿ, ಕೊನೆಯಲ್ಲಿ ರೋಗಾಣು ಕೊಲ್ಲುವ ನೇರಳೆ ಬೆಳಕಿನ ದೀಪ, ಹೀಗೆ ಮೂರನ್ನೂ ಹಾಕಿಸಿಕೊಳ್ಳಿ ಎಂದ. ಆ ದೀಪ ಹಗಲೂ ರಾತ್ರಿ ಉರಿಯುತ್ತಿರಬೇಕು, ವರ್ಷಕ್ಕೊಮ್ಮೆ ಬದಲಾಯಿಸಬೇಕು.

ದೀಪ ಬೇಡ ಎಂದಳು ಡಿಂಪ್ನಾ. ವರದಿಯನ್ನು ಅವನ ಮುಂದಿಟ್ಟಳು.

"ಇದು ಆವತ್ತೊಂದು ದಿನದ ನೀರಿನ ಮಾತು, ಮೇಡಂ," ಎಂದ ಟೀರ್ನನ್. "ಮಳೆ ಬಂದ್ಮೇಲೆ ಏನಿರುತ್ತೆ ಅಂತ ಇದು ಹೇಳಲ್ಲ."

ಕೋಲ್ಮನ್, ಅಂದರೆ ಅವಳ ಗಂಡ, ಹಾಲಿನ ಲಾರಿ ಓಡಿಸುತ್ತಿದ್ದವನು. ಅವನ ಬಾಯಿಂದ ಮಾತು ಬರುವುದೇ ಅಪರೂಪ. ಅವತ್ತು ಮಾತ್ರ, "ಹಾಕ್ಸ್ಬಿಡೇ, ಇದ್ರೆ ಇರ್ಲಿ," ಎಂದ.

"ಆ ದೀಪ ಕೊಳಕು ಬಾವಿ ಇರೋರಿಗೆ," ಎಂದಳು ಡಿಂಪ್ನಾ. "ನಮ್ಮ ಬಾವೀಲಿ ಏನಿದೆ ಅಂತ?"

ಅಲ್ಲಿಗೆ ಮಾತು ಮುಗಿಯಿತು. ಎರಡನ್ನೇ ಹಾಕಿಸಿದರು.

ನೀರು ಗಾಜಿನಂತಾಯಿತು. ಡಿಂಪ್ನಾ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಒಂದು ಲೋಟ ನೀರು ಕೊಟ್ಟು, ಬೆಳಕಿಗೆ ಹಿಡಿದು ನೋಡಿ ಎನ್ನುತ್ತಿದ್ದಳು. ಹಾಸಿಗೆ ಬಟ್ಟೆ ತಂತಿಯ ಮೇಲೆ ಬೆಳ್ಳಗೆ ಹಾರಾಡುತ್ತಿದ್ದವು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಗಳು ನೂಲಾ ನಗರದಲ್ಲಿ ಕೇಶಾಲಂಕಾರದ ಅಂಗಡಿ ಇಟ್ಟಿದ್ದಳು. ಅವಳ ಮೂರು ವರ್ಷದ ಮಗು ಶೀಫ್ರಾ ಅಕ್ಟೋಬರ್ ರಜೆಯಲ್ಲಿ ಒಂದು ವಾರಕ್ಕೆ ಅಜ್ಜಿಯ ಮನೆಗೆ ಬಂತು. ಕೆಂಪು ಕೂದಲು, ಬಾಯಿ ತುಂಬ ಮಾತು. ನಮ್ಮ ಹಸುಗಳಿಗೆಲ್ಲ ಬೇಲಿಯಾಚೆಯಿಂದಲೇ ಹೆಸರಿಟ್ಟು ಕೂಗುತ್ತಿತ್ತು. ಆ ವಾರ ನಾಲ್ಕು ದಿನ ಬಿಡದೆ ಮಳೆ ಸುರಿಯಿತು.

ಮಗು ನಗರಕ್ಕೆ ಮರಳಿದ ಮೂರನೇ ದಿನ ಹೊಟ್ಟೆ ನೋವೆಂದಿತು. ಮರುದಿನ ಭೇದಿಯಲ್ಲಿ ರಕ್ತ. ಒಂದು ವಾರದೊಳಗೆ ಮೂತ್ರ ನಿಂತು, ಮೈ ಮೇಣದ ಬಣ್ಣಕ್ಕೆ ತಿರುಗಿತು. ಡಬ್ಲಿನ್ನಿನ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ಒಂದು ಬಗೆಯ ರೋಗಾಣುವಿನ ವಿಷ ಮೂತ್ರಪಿಂಡಗಳಿಗೆ ಇಳಿದಿದೆ, ದನಗಳ ಸಗಣಿಯಲ್ಲಿರುವಂಥದು, ದೊಡ್ಡವರು ತಡೆದುಕೊಂಡರೂ ಸಣ್ಣ ಮಕ್ಕಳನ್ನು ಬಿಡುವುದಿಲ್ಲ ಎಂದರು ವೈದ್ಯರು. ಮಗು ಎಲ್ಲಿತ್ತು, ಏನು ತಿಂದಿತು ಎಂದೆಲ್ಲ ಕೇಳಿದ ಮೇಲೆ, ಯಾವ ನೀರು ಕುಡಿಯಿತು ಎಂದು ಕೇಳಿದರು.

ಆರೋಗ್ಯ ಇಲಾಖೆಯವರು ಬಂದು ಡಿಂಪ್ನಾಳ ನಲ್ಲಿಯಿಂದ ನೀರು ಒಯ್ದರು. ಅದೇ ರೋಗಾಣು ಸಿಕ್ಕಿತು. ಕನ್ನಡಿಯಂಥ ನೀರಿನಲ್ಲಿ.

ದೀಪದ ವಿಷಯ ನೂಲಾಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ, ಕೋಲ್ಮನ್ ಸತ್ತರೂ ಬಾಯಿ ಬಿಡುವವನಲ್ಲ. ಆದರೆ ಆಸ್ಪತ್ರೆಯ ಏಳನೇ ದಿನ, ಮಗುವಿನ ರಕ್ತವನ್ನು ಯಂತ್ರ ತೊಳೆಯುತ್ತಿದ್ದಾಗ, ಡಿಂಪ್ನಾ ಹೊರಗಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಇದನ್ನು ನನಗೆ ಹೇಳಿದವಳೂ ಅವಳೇ.

ನೂಲಾ ಕೂಗಾಡಲಿಲ್ಲ. "ಅಪ್ಪ ಹಾಕ್ಸು ಅಂದಿದ್ರಾ?" ಎಂದು ಕೇಳಿದಳು.

"ಅಂದಿದ್ರು."

ನೂಲಾ ಎದ್ದು ಮಗುವಿನ ಕೋಣೆಯೊಳಗೆ ಹೋದಳು. ಆಮೇಲಿನ ದಿನಗಳಲ್ಲಿ ತಾಯಿ ಕೂತ ಬೆಂಚಿನ ಮೇಲೆ ಅವಳು ಕೂರಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಶೀಫ್ರಾ ಹೋಯಿತು.

ಮಗುವನ್ನು ನಮ್ಮ ಚರ್ಚಿನ ಅಂಗಳದಲ್ಲೇ ಮಣ್ಣು ಮಾಡಿದರು. ಪೆಟ್ಟಿಗೆಯನ್ನು ಅದರಪ್ಪ ಒಬ್ಬನೇ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ, ಅಷ್ಟು ಚಿಕ್ಕದು. ಅಲ್ಲಿಂದ ಜನ ಡಿಂಪ್ನಾಳ ಮನೆಗೆ ಬಂದರು. ನಾವು ಹೆಂಗಸರು ಚಹಾಕ್ಕೆಂದು ಪಟ್ಟಣದಿಂದ ಕ್ಯಾನುಗಳಲ್ಲಿ ನೀರು ತಂದಿದ್ದೆವು. ವಿಷಯ ಗೊತ್ತಿಲ್ಲದ ಯಾರೋ ಒಬ್ಬಳು ಕೆಟಲ್ ಹಿಡಿದು ನಲ್ಲಿ ತಿರುಗಿಸಿಬಿಟ್ಟಳು. ಡಿಂಪ್ನಾ ಎದ್ದು ಬಂದು, ಅವಳ ಕೈಯಿಂದ ಕೆಟಲನ್ನು ಮೆಲ್ಲಗೆ ತೆಗೆದುಕೊಂಡು ನೀರು ಚೆಲ್ಲಿ, "ಅದಲ್ಲಮ್ಮ, ಕ್ಯಾನಿಂದು," ಎಂದಳು.

ಅವಳ ಬಾವಿಗಿಂತ ಎತ್ತರದಲ್ಲಿರುವ ಹೊಲ ನಮ್ಮದು. ಆ ಅಕ್ಟೋಬರಿನಲ್ಲಿ ನಮ್ಮ ಇಪ್ಪತ್ತೆರಡು ಹಸುಗಳು ಅಲ್ಲೇ ಮೇಯುತ್ತಿದ್ದವು. ಇಲಾಖೆಯವರು ಬಂದು ನೋಡಿದರು, ಬರೆದುಕೊಂಡರು, ಆ ರೋಗಾಣು ಯಾವ ಹಸುವಿನದೆಂದು ಯಾರೂ ಹೇಳಲಾರರು ಎಂದು ಹೇಳಿ ಹೋದರು. ನನಗೆ ನಿದ್ದೆ ಹತ್ತಲಿಲ್ಲ. ಒಂದು ಮಧ್ಯಾಹ್ನ ಹೋಗಿ ಅವಳೆದುರು ನಿಂತೆ.

"ಡಿಂಪ್ನಾ, ಆ ಹೊಲ ನಮ್ದು."

"ಹಸುಗಳು ಹಸುಗಳ ಹಾಗೆ ಇದ್ವು, ಫಿಲೋಮಿನಾ. ಯೋಚನೆ ಮಾಡ್ಬೇಕಾಗಿದ್ದವಳು ನಾನು."

ನನ್ನನ್ನು ಕೂರಿಸಿ ಬ್ರೆಡ್ ಕೊಯ್ದು ಕೊಟ್ಟಳು.

ಕೋಲ್ಮನ್ ಟೀರ್ನನ್‌ನನ್ನು ಕರೆಸಿ ದೀಪ ಹಾಕಿಸಿದ. ಬಾವಿಯ ಬಾಯಿಯನ್ನು ನೆಲದಿಂದ ಎರಡಡಿ ಮೇಲಕ್ಕೆ ಎತ್ತಿಸಿ, ಭದ್ರವಾಗಿ ಮುಚ್ಚಿಸಿದ. ತಾನು ಇನ್ನೂ ಒತ್ತಾಯ ಮಾಡಬೇಕಿತ್ತು ಎಂದು ಟೀರ್ನನ್ ಹೊರಡುವಾಗ ಕೋಲ್ಮನ್ ಹತ್ತಿರ ಹೇಳಿದನಂತೆ. "ನಾನು ಅವತ್ತೇ ಹೇಳಿದ್ದೆನಲ್ಲ" ಎಂಬ ಮಾತು ಮಾತ್ರ ಕೋಲ್ಮನ್ ಬಾಯಿಂದ ಒಮ್ಮೆಯೂ ಬರಲಿಲ್ಲ. ಅಂದಿದ್ದರೆ ತನಗೆ ಸ್ವಲ್ಪ ಹಗುರವಾಗುತ್ತಿತ್ತು ಎಂದು ಡಿಂಪ್ನಾ ನನ್ನ ಹತ್ತಿರ ಹೇಳಿದ್ದುಂಟು.

ಆ ಚಳಿಗಾಲ ಅವಳು ಪರೀಕ್ಷೆಯ ಶೀಶೆಗಳನ್ನು ಚೀಲದಲ್ಲಿಟ್ಟುಕೊಂಡು ನಮ್ಮ ರಸ್ತೆಯ ಪ್ರತಿ ಮನೆಯ ಬಾಗಿಲು ತಟ್ಟಿದಳು. ಜೋರು ಮಳೆಯಾದ ಮರುದಿನವೇ ತುಂಬಬೇಕು ಎಂದು ಹೇಳಿಕೊಡುತ್ತಿದ್ದಳು. ಕೆಲವರು ಮುಖ ಗಂಟಿಕ್ಕಿದರು. ನಮ್ಮ ಬಾವಿಯಲ್ಲಿ ಏನಿದೆ ಅಂತ, ಎಂದು ಒಬ್ಬ ಮುದುಕ ಅವಳ ಮುಖಕ್ಕೇ ಅಂದ. "ನಾನೂ ಹಾಗೇ ಅಂದಿದ್ದೆ," ಎಂದಳು ಡಿಂಪ್ನಾ. ಅವನು ಶೀಶೆ ತೆಗೆದುಕೊಂಡ. ಹದಿನಾಲ್ಕರಲ್ಲಿ ಆರು ಬಾವಿಗಳು ಕೆಟ್ಟಿದ್ದವು, ಅದರಲ್ಲಿ ನಮ್ಮದೂ ಒಂದು. ಈಗ ಎಲ್ಲರ ಮನೆಯಲ್ಲೂ ದೀಪವಿದೆ.

ಎರಡು ವರ್ಷದ ಮೇಲೆ ನೂಲಾಗೆ ಗಂಡು ಮಗುವಾಯಿತು, ಡಾರಾ. ಅವನಿಗೆ ಹತ್ತು ತಿಂಗಳಾದಾಗ ಒಂದು ಭಾನುವಾರ ಮೊದಲ ಸಲ ಕರೆದುಕೊಂಡು ಬಂದಳು. ಡಿಂಪ್ನಾಗೆ ಒಬ್ಬಳೇ ಅದನ್ನು ಎದುರಿಸುವ ಧೈರ್ಯವಿರಲಿಲ್ಲ, ನನ್ನನ್ನೂ ಬಾ ಎಂದಿದ್ದಳು. ಅಡುಗೆಮನೆಯ ಬೀರುವಿನ ಬಾಗಿಲಿಗೆ ಪ್ರತಿ ತಿಂಗಳ ನೀರಿನ ವರದಿಗಳನ್ನು ಅಂಟಿಸಿದ್ದಳು, ಎಲ್ಲವೂ ಶುದ್ಧ. ನೂಲಾ ಅವುಗಳ ಮುಂದೆ ನಿಂತು ಒಂದೊಂದನ್ನೂ ಓದಿದಳು. ಆಮೇಲೆ ಕಾರಿಗೆ ಹೋಗಿ, ಅಂಗಡಿಯಲ್ಲಿ ಕೊಂಡ ನೀರಿನ ಎರಡು ದೊಡ್ಡ ಬಾಟಲಿಗಳನ್ನು ತಂದು ಮೇಜಿನ ಮೇಲಿಟ್ಟಳು. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲಮ್ಮ. ನನ್ನ ಕೈಲಿ ಆಗ್ತಿಲ್ಲ," ಎಂದಳು.

ಡಿಂಪ್ನಾ ಮೇಜಿನ ಮೇಲಿದ್ದ ಬ್ರೆಡ್ಡಿನ ಹಲಗೆಯನ್ನು ಪಕ್ಕಕ್ಕೆ ಸರಿಸಿ ಬಾಟಲಿಗಳಿಗೆ ಜಾಗ ಮಾಡಿದಳು. ಮಗುವಿನ ಹಾಲಿನ ಬಾಟಲಿಯನ್ನು ಆ ನೀರಿನಲ್ಲೇ ತೊಳೆದಳು.

ನೂಲಾ ಈಗ ವರ್ಷಕ್ಕೆ ಮೂರ್ನಾಲ್ಕು ಸಲ ಬರುತ್ತಾಳೆ. ಸಂಜೆಯಾಗುವ ಮುಂಚೆ ಹೊರಟುಬಿಡುತ್ತಾಳೆ, ರಾತ್ರಿ ಉಳಿಯುವುದಿಲ್ಲ. ಉಳಿ ಎಂದು ಡಿಂಪ್ನಾ ಕೇಳುವುದೂ ಇಲ್ಲ.